ಅವಸರದ ಖರ್ಚು, ಅನುಮಾನದ ಸಂಬಳ: ಮನೆಗೊಂದು ಲೆಕ್ಕದ ಪುಸ್ತಕ ಇಡುವುದು ಹೇಗೆ

ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಂದು ಸಲ. ಅದೂ ಇಂಥದೇ ಹೊತ್ತು ಅಂತಿಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ ರಾತ್ರಿ ಎರಡೂವರೆಗೆ ಬಂತು, ನಾಲ್ಕಕ್ಕೆ ನಿಂತಿತು. ಅವತ್ತು ನಮ್ಮ ಮನೆಯವರದು ನೈಟ್ ಶಿಫ್ಟ್. ನಾನು ಹನ್ನೆರಡರ ತನಕ ಅಂಗಡಿಯೊಂದರ ಜಿಎಸ್‌ಟಿ ಲೆಕ್ಕ ನೋಡಿ ಮಲಗಿದವಳು ಏಳಲೇ ಇಲ್ಲ. ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಟ್ಯಾಂಕರ್‌ಗೆ ಫೋನ್ ಮಾಡಿದೆ, 600 ರೂಪಾಯಿ. ಟ್ಯಾಂಕರ್ ಕಾಯುತ್ತ ಅಡುಗೆ ಆಗಲಿಲ್ಲ, ಮಕ್ಕಳ ಡಬ್ಬಿಗೆ ಹೋಟೆಲ್ ಇಡ್ಲಿ, 120. ಅಷ್ಟರಲ್ಲಿ ಸ್ಕೂಲ್ ವ್ಯಾನ್ ಹೋಗಿಬಿಟ್ಟಿತ್ತು, ಆಟೋ 80. ಗಂಟೆ ಹತ್ತಾಗಿರಲಿಲ್ಲ, 800 ರೂಪಾಯಿ ಕೈಬಿಟ್ಟಿತ್ತು. ಒಂದೂವರೆ ಗಂಟೆ ನಿದ್ದೆಯ ಬೆಲೆ ಅದು.

ನಾನು ಬಳ್ಳಾರಿಯಲ್ಲಿ ಮೂರು ಅಂಗಡಿ, ಎರಡು ಜೀನ್ಸ್ ಹೊಲಿಯುವ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಮನೆಯವರು ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡುತ್ತಾರೆ. ಊರವರ ಲೆಕ್ಕವೆಲ್ಲ ಬರೆಯುವ ನನಗೆ ನಮ್ಮ ಮನೆಯ ಲೆಕ್ಕ ಬರೆಯಲು ಪುರುಸೊತ್ತೇ ಇರಲಿಲ್ಲ. ಆ ಟ್ಯಾಂಕರ್ ದಿನ ಒಂದು ವಿಷಯ ತಲೆಗೆ ಹೊಕ್ಕಿತು. ನಮ್ಮಂಥ ಮನೆಗಳಲ್ಲಿ ಟೈಮ್ ಇಲ್ಲ ಅನ್ನುವುದೂ, ದುಡ್ಡು ಸಾಲಲ್ಲ ಅನ್ನುವುದೂ ಒಂದೇ ಖಾತೆಯ ಎರಡು ಕಡೆ. ಟೈಮ್ ಇಲ್ಲದ್ದಕ್ಕೆ ದುಡ್ಡು ಹೋಗುತ್ತದೆ, ದುಡ್ಡಿನ ಭಯಕ್ಕೆ ಇರುವ ಟೈಮನ್ನೂ ಓವರ್‌ಟೈಮ್‌ಗೆ ಮಾರುತ್ತೇವೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಮಾಡಲು ಹೋದರೆ ಆಗಲ್ಲ. ಹಾಗಾಗಿ ಎರಡಕ್ಕೂ ಒಂದೇ ಪುಸ್ತಕ ಇಟ್ಟೆ. ಅದನ್ನು ಹೇಗೆ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ. ಗಂಗಾವತಿ ಮಿಲ್ಲಿನ ಗುಮಾಸ್ತರಿಗೂ, ರಾಯಚೂರಿನ ಶಕ್ತಿನಗರದ ಕರೆಂಟ್ ಸ್ಥಾವರಕ್ಕೆ ಶಿಫ್ಟ್ ಹೋಗುವವರಿಗೂ, ಕೊಪ್ಪಳದ ಖಾಸಗಿ ಶಾಲೆ ಟೀಚರಿಗೂ ಹೊಂದುತ್ತದೆ ಅನ್ನಿಸುತ್ತದೆ.

1. ಮೊದಲ ವಾರ ಏನನ್ನೂ ಬದಲಾಯಿಸಬೇಡಿ, ಸುಮ್ನೆ ಬರೆಯಿರಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಫೋನಿನ ಆ್ಯಪ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೋನ್ ಒಬ್ಬರ ಕೈಯಲ್ಲಿರುತ್ತದೆ, ಪುಸ್ತಕ ಮನೆಗೆಲ್ಲ ಕಾಣುತ್ತದೆ. ದಿನದ ಖರ್ಚು ಬರೆಯಿರಿ. ಮರೆತಿದ್ದರೆ ಫೋನ್‌ಪೇ, ಗೂಗಲ್‌ಪೇ ಹಿಸ್ಟರಿ ನೋಡಿ ತುಂಬಿಸಿ. ಟೈಮ್ ಇಲ್ಲದ್ದಕ್ಕೆ ಆದ ಖರ್ಚಿನ ಮುಂದೆ ಮಾತ್ರ ಒಂದು 'ಅ' ಬರೆಯಿರಿ. ಅ ಅಂದರೆ ಅವಸರ.

ಬಸ್ ತಪ್ಪಿ ಹಿಡಿದ ಆಟೋ 'ಅ'. ತಾರೀಖು ಮರೆತು ಕಟ್ಟಿದ ದಂಡ 'ಅ'. ಅಡುಗೆಗೆ ಹೊತ್ತಿಲ್ಲ ಅಂತ ತಂದ ಪಾರ್ಸೆಲ್ 'ಅ'. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತಿನ್ನಿಸಿದ ಒಗ್ಗರಣೆ-ಮಿರ್ಚಿ 'ಅ' ಅಲ್ಲ, ಅದು ಖುಷಿಯ ಖರ್ಚು. ಅದರ ಮೇಲೆ ಕಣ್ಣು ಹಾಕಬೇಡಿ. ಮನೆಯ ಲೆಕ್ಕ ಬರೆಯಲು ಕೂತವರು ಮೊದಲು ಕತ್ತರಿ ಹಾಕುವುದೇ ಇಂಥದ್ದಕ್ಕೆ. ಹದಿನೈದು ದಿನಕ್ಕೆ ಬೇಸರ ಬಂದು ಪುಸ್ತಕವೇ ಮೂಲೆ ಸೇರುತ್ತದೆ.

ನಮ್ಮ ಮನೆಯ ಮೊದಲ ವಾರದ 'ಅ' ಹೀಗಿತ್ತು: ಮತ್ತೆ ಟ್ಯಾಂಕರ್ 600, ಎರಡು ಸಲ ಆಟೋ 160, ಪಾರ್ಸೆಲ್ 340, ಬಿಲ್ಲಿನ ದಂಡ 50. ಒಟ್ಟು 1,150. ವಾರ ವಾರ ಟ್ಯಾಂಕರ್ ಬೀಳಲ್ಲ, ನಿಜ. ಆದರೆ 'ಈ ಮನೆಯಲ್ಲಿ ದುಡ್ಡು ಎಲ್ಲಿ ಹೋಗ್ತದೋ' ಅಂತ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಾರಾಡುತ್ತಿದ್ದ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಕ್ಕಿತು.

2. ನಿಮ್ಮ ಒಂದು ಗಂಟೆಗೆ ಎಷ್ಟು ಬೆಲೆ?

ಇದನ್ನು ನಿಧಾನವಾಗಿ ಮಾಡಿ. ಮನೆಯವರ ಸಂಬಳ ಕೈಗೆ ಬರುವುದು 28,000. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಅಂದರೆ 208 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 135 ರೂಪಾಯಿ. ಆದರೆ ಇದು ಸುಳ್ಳು ಲೆಕ್ಕ. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಬೇಕು, ಪೆಟ್ರೋಲಿಗೆ ತಿಂಗಳಿಗೆ 2,600 ಹೋಗುತ್ತದೆ. ಹಾಗಾದರೆ 25,400 ರೂಪಾಯಿ, 273 ಗಂಟೆ. ಗಂಟೆಗೆ 93.

ನಾನು ತಿಂಗಳಿಗೆ ಸುಮಾರು 110 ಗಂಟೆ ಲೆಕ್ಕ ಬರೆಯುತ್ತೇನೆ, 14,000 ಬರುತ್ತದೆ. ಹೆಚ್ಚಾಗಿ ಮನೆಯಲ್ಲೇ ಕೂತು ಬರೆಯುವುದರಿಂದ ಓಡಾಟದ ಖರ್ಚು ಅಷ್ಟಾಗಿ ಇಲ್ಲ. ಗಂಟೆಗೆ 127. ಈ ಅಂಕಿ ಪುಸ್ತಕದಲ್ಲಿ ಬರೆದು ತೋರಿಸಿದಾಗ ನಮ್ಮ ಮನೆಯವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ನನಗಿಂತ ನಿನ್ನ ತಾಸು ತುಟ್ಟಿ ಐತಲ್ಲ!" ಅಂದರು.

ಈಗ ರೊಟ್ಟಿಗೆ ಬನ್ನಿ. ಒಂದು ಕಿಲೋ ಜೋಳ, ಬೀಸಿದ್ದು, ಗ್ಯಾಸ್ ಎಲ್ಲ ಸೇರಿ ಮನೆಯಲ್ಲಿ ಹನ್ನೆರಡು ರೊಟ್ಟಿಗೆ ಸುಮಾರು 60 ರೂಪಾಯಿ ಬೀಳುತ್ತದೆ. ಹಿಟ್ಟು ನಾದಿ, ಬಡಿದು, ಬೇಯಿಸಿ, ಕಟ್ಟೆ ಒರೆಸುವ ಹೊತ್ತಿಗೆ ಒಂದು ತಾಸು. ನಮ್ಮ ಓಣಿಯ ಕೊನೆಗೆ ರೊಟ್ಟಿ ಮಾಡಿ ಮಾರುವ ಅಕ್ಕ ಇದ್ದಾರೆ, ಒಂದಕ್ಕೆ 8 ರೂಪಾಯಿ. ಹನ್ನೆರಡಕ್ಕೆ 96. ಅಂದರೆ 36 ರೂಪಾಯಿ ಜಾಸ್ತಿ ಕೊಟ್ಟರೆ ನನಗೆ ಒಂದು ತಾಸು ವಾಪಸ್ ಸಿಗುತ್ತದೆ. 127 ರೂಪಾಯಿಯ ತಾಸು 36ಕ್ಕೆ! ಅದೇ ಹೋಟೆಲ್ ಪಾರ್ಸೆಲ್ ತಂದರೆ 250 ಜಾಸ್ತಿ ಕೊಟ್ಟು ಒಂದು ತಾಸು ಉಳಿಸಿದಂತೆ. ಹಾಗಾಗಿ ನಮ್ಮಲ್ಲಿ ವಾರದ ದಿನ ರೊಟ್ಟಿ ಕೊಳ್ಳುತ್ತೇವೆ, ಪಾರ್ಸೆಲ್ ಬಿಟ್ಟಿದ್ದೇವೆ. ಪಲ್ಯ, ಶೇಂಗಾ ಚಟ್ನಿ ಮನೆಯದೇ. ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು, "ಕೊಂಡ ರೊಟ್ಟಿಲೆ ಹೊಟ್ಟಿ ತುಂಬ್ತದೇನವ್ವ?" ಅಂತ. ಭಾನುವಾರ ಬಿಸಿ ರೊಟ್ಟಿ ಮನೆಯಲ್ಲೇ ಅನ್ನುವ ಮೇಲೆ ರಾಜಿಯಾಯಿತು.

ಬಸ್ಸಿನ ಲೆಕ್ಕವನ್ನೂ ಹೀಗೇ ನೋಡಿ. 2023ರ ಜೂನ್ 11ರಿಂದ ನಮಗೆ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಇದೆ, ದೊಡ್ಡ ಉಪಕಾರವೇ. ಆದರೆ ಜಿಎಸ್‌ಟಿ ಕಟ್ಟುವ ಕೊನೇ ದಿನ ಫ್ರೀ ಬಸ್‌ಗೆ ಮುಕ್ಕಾಲು ತಾಸು ಕಾಯುವುದು ಉಳಿತಾಯವಲ್ಲ. ಬಿಡುವಿದ್ದ ದಿನ ಬಸ್, ಇಲ್ಲದ ದಿನ 30 ರೂಪಾಯಿ ಶೇರ್ ಆಟೋ. ಇದರಲ್ಲಿ ತಪ್ಪಿತಸ್ಥರ ಥರ ಅನ್ನಿಸಿಕೊಳ್ಳಬೇಕಾಗಿಲ್ಲ.

ಗಂಡಸರು ಇಲ್ಲಿ ಸ್ವಲ್ಪ ನಿಂತು ಓದಿ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆ ಇದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. 'ಅವಳು ಮನೆಯಲ್ಲೇ ಇರ್ತಾಳಲ್ಲ' ಅಂತ ಮನೆಯ ಎಲ್ಲ ಉಳಿತಾಯವನ್ನೂ ಹೆಂಡತಿಯ ತಾಸುಗಳಿಂದಲೇ ತೆಗೆಯುವ ರೂಢಿ ನಮ್ಮಲ್ಲಿದೆ. ಆ ತಾಸಿಗೂ ಬೆಲೆ ಹಾಕಿ ನೋಡಿ. ಸಂಬಳ ಇಲ್ಲದಿದ್ದರೆ, ಆ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡಬೇಕಿತ್ತೋ ಅಷ್ಟು.

ಓವರ್‌ಟೈಮ್ ಒಪ್ಪಿಕೊಳ್ಳುವ ಮೊದಲೂ ಈ ಅಂಕಿ ಬೇಕಾಗುತ್ತದೆ. ಕಾನೂನಿನ ಪ್ರಕಾರ ಕಾರ್ಖಾನೆಯ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಸಿಗಬೇಕು. ನಿಮ್ಮ ಕೈಗೆ ಎಷ್ಟು ಬರುತ್ತಿದೆ ಅಂತ ಸಂಬಳ ಚೀಟಿ ನೋಡಿ. ನಾಲ್ಕು ತಾಸು ಹೆಚ್ಚಿಗೆ ದುಡಿದು ಬಂದು, ಸುಸ್ತಿಗೆ ಪಾರ್ಸೆಲ್ ತರಿಸಿ, ಮರುದಿನ ಎದ್ದೇಳಲಾಗದೆ ಒಂದು ದಿನದ ಹಾಜರಿ ಕಳೆದುಕೊಂಡರೆ ಉಳಿದದ್ದೇನು?

3. ಸಂಬಳವನ್ನು 'ಪಕ್ಕಾ', 'ಬಂದರೆ ಬಂತು' ಅಂತ ಎರಡು ಮಾಡಿ

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಮರೆಯುತ್ತೇವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಂತಿದ್ದು ಸರಿಯೇ. ಆದರೆ ಲಾರಿಯ ಕಂತು, ಡ್ರೈವರ್ ಸಂಬಳ, ಟೈರ್ ಅಂಗಡಿ, ಢಾಬಾ, ಅವರ ಮಕ್ಕಳ ಫೀಸು ಎಲ್ಲ ಆ ಒಂದು ದಿನಕ್ಕೆ ಅಲ್ಲಾಡಿದವು. ಗಣಿಗೆ ಕಾಲೇ ಇಡದವರಿಗೂ ಅದರ ಪೆಟ್ಟು ಬಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗಲೂ ಹಾಗೇ. ಭತ್ತದ ಬೆಳೆ ಏನಾಗುತ್ತದೋ ಅಂದರೆ, ಗಂಗಾವತಿ, ಸಿಂಧನೂರಿನ ಮಿಲ್ಲು, ಹಮಾಲಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿಯ ಉದ್ರಿ, ಎಲ್ಲದಕ್ಕೂ ಏನಾಗುತ್ತದೋ ಅಂತಲೇ ಅರ್ಥ. ಗಂಗಾವತಿಯಲ್ಲಿ ಮಿಲ್ ಲೆಕ್ಕ ಬರೆಯುವ ನನ್ನ ತಂಗಿ ಆ ವಾರವೆಲ್ಲ ದಿನಕ್ಕೆ ಮೂರು ಸಲ ಫೋನ್ ಮಾಡಿದ್ದಳು.

ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಮನೆಗೆ ಎಲ್ಲಕ್ಕಿಂತ ಕಡಿಮೆ ದುಡ್ಡು ಬಂದ ತಿಂಗಳು ಯಾವುದು? ಅಷ್ಟು ಮಾತ್ರ 'ಪಕ್ಕಾ', ಅದರ ಮೇಲೆ ಬಂದದ್ದೆಲ್ಲ 'ಬಂದರೆ ಬಂತು'. ಸರಾಸರಿ ತೆಗೆಯಬೇಡಿ, ಸರಾಸರಿಯಿಂದ ಬಾಡಿಗೆ ಕಟ್ಟಲಾಗಲ್ಲ. ನಮ್ಮದರಲ್ಲಿ ಒಳ್ಳೆಯ ತಿಂಗಳು 46,000 ಇತ್ತು, ಕೆಟ್ಟ ತಿಂಗಳು 33,500. ಆ ತಿಂಗಳು ಗುತ್ತಿಗೆ ಹೊಸದಾಗಿ ಆಗಬೇಕಿತ್ತು, ನಡುವೆ ಐದು ದಿನ ಕೆಲಸ ಇರಲಿಲ್ಲ. ಜೀನ್ಸ್ ಯೂನಿಟ್‌ಗಳಿಗೂ ಆರ್ಡರ್ ಇರಲಿಲ್ಲ, ನನ್ನ ದುಡ್ಡು ಮುಂದಕ್ಕೆ ಹೋಯಿತು.

ಇನ್ನು ಆ ಕೆಟ್ಟ ತಿಂಗಳ ಎದುರು ತಪ್ಪಿಸಲಾಗದ ಖರ್ಚು ಬರೆಯಿರಿ: ಬಾಡಿಗೆ, ರೇಷನ್, ಹಾಲು, ಕಂತು, ವ್ಯಾನ್, ಔಷಧಿ. ನಮ್ಮದು 35,200 ಆಯಿತು. 1,700 ರೂಪಾಯಿಯ ತೂತು. ಒಳ್ಳೆಯ ತಿಂಗಳುಗಳಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಈ ತೂತು ಮುಚ್ಚುವ ತನಕ ಹೊಸ ಕಂತು ಯಾವುದೂ ಇಲ್ಲ ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ನಗು ಬರುತ್ತದೆ ಈಗ, ಆದರೆ ದಸರಾ ಆಫರ್‌ನಲ್ಲಿ ಟಿವಿ ನೋಡಲು ಹೋದಾಗ ಆ ಸಹಿ ಕೆಲಸಕ್ಕೆ ಬಂತು.

ಗುತ್ತಿಗೆ ಕೆಲಸದವರಿಗೆ ಒಂದು ಮಾತು. ಪಿಎಫ್ ಕಟಾಯಿಸುತ್ತಿದ್ದರೆ ಅದು ನಿಜವಾಗಿ ಜಮಾ ಆಗುತ್ತಿದೆಯಾ ಅಂತ ಉಮಂಗ್ ಆ್ಯಪ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ಗುತ್ತಿಗೆದಾರ ಬದಲಾದರೂ ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಒಂದೇ ಇರಬೇಕು. ಸಂಬಳ 21,000ದ ಒಳಗಿದ್ದು ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇದ್ದರೆ ಮನೆಮಂದಿಯ ಹೆಸರೆಲ್ಲ ಸೇರಿಸಿ, ಚಿಕಿತ್ಸೆ ಅವರಿಗೂ ಸಿಗುತ್ತದೆ. ಕಾರ್ಡ್ ಪರ್ಸಿನಲ್ಲೇ ಇದ್ದರೂ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಕಟ್ಟಿದವರನ್ನು ನೋಡಿದ್ದೇನೆ.

4. ವರ್ಷದ ಖರ್ಚನ್ನು ತಿಂಗಳಿಗೆ ಒಡೆಯಿರಿ

ಪ್ರತಿ ಜೂನ್‌ನಲ್ಲಿ ಶಾಲೆ ಫೀಸು ಬರುತ್ತದೆ. ಪ್ರತಿ ಸಲವೂ ಮನೆಯಲ್ಲಿ ಸಿಡಿಲು ಬಡಿದಂತಾಗುತ್ತದೆ! ನಮ್ಮ ಪಟ್ಟಿ: ಇಬ್ಬರು ಮಕ್ಕಳ ಫೀಸು, ಪುಸ್ತಕ 42,000, ಹಬ್ಬದ ಬಟ್ಟೆ 15,000, ಎಲ್‌ಐಸಿ 12,000, ಮದುವೆ-ಮುಂಜಿವೆಯ ಮುಯ್ಯಿ, ಆಯೇರಿ 10,000, ಬೈಕ್ ಇನ್ಶೂರೆನ್ಸ್ 1,800. ಒಟ್ಟು 80,800. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,733.

ಅಂಕಿ ನೋಡಿ ಎದೆ ಧಸಕ್ಕೆಂದಿತು. ಅಷ್ಟು ಇಡಲು ಮೊದಲ ವರ್ಷ ಆಗಲಿಲ್ಲ, 4,000 ಇಟ್ಟೆವು. ಅರ್ಧ ಫೀಸಿಗಾದರೂ ಸಾಲ ತಪ್ಪಿತು. ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿ, ಮೇ ಕೊನೆಗೆ ಮುಗಿಯುವಂತೆ ತಾರೀಖು ಇಟ್ಟುಕೊಳ್ಳಿ. ಪೋಸ್ಟ್ ಆಫೀಸಿನ ಆರ್‌ಡಿ 100 ರೂಪಾಯಿಯಿಂದ ಶುರು ಮಾಡಬಹುದು, ಆದರೆ ಅದು ಐದು ವರ್ಷದ್ದು, ಈ ಕೆಲಸಕ್ಕೆ ಹೊಂದಲ್ಲ. ಶಾಲೆಯವರನ್ನು ಕಂತಿನಲ್ಲಿ ಕಟ್ಟಲೇ ಅಂತ ಕೇಳಿ. ಜೂನ್‌ನಲ್ಲಿ ಅಲ್ಲ, ಮಾರ್ಚ್‌ನಲ್ಲೇ ಕೇಳಿ. ಸ್ವಂತ ಮನೆ ಇದ್ದರೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ, ನೂರಕ್ಕೆ 5 ರಿಯಾಯಿತಿ ಇದೆ.

ಮುಯ್ಯಿಯ ವಿಷಯ ಸೂಕ್ಷ್ಮ. ನಮ್ಮ ಕಡೆ ಮದುವೆಗೆ ಹೋಗಿ ಬರಿಗೈಯಲ್ಲಿ ಬರಲಾಗಲ್ಲ. ಹಳೆಯ ಮುಯ್ಯಿ ಪುಸ್ತಕ ತೆಗೆದು, ಅವರು ಎಷ್ಟು ಹಾಕಿದ್ದರೋ ಅಷ್ಟೇ ಹಾಕಿ. ಮೇಲೆ ನೂರು ಹಾಕಬೇಕಂದರೆ ಹಾಕಿ. ಅವರು 200 ಹಾಕಿದ್ದಕ್ಕೆ ನಾವು ಮರ್ಯಾದೆಗೆ 1,000 ಹಾಕಿದರೆ, ಮುಂದಿನ ಸಲ ಅವರೂ ಸಾಲ ಮಾಡಬೇಕು.

ಬೇಸಿಗೆಯ ಕರೆಂಟ್ ಬಿಲ್ಲನ್ನೂ ಇಲ್ಲಿ ಸೇರಿಸಿ. ಗೃಹಜ್ಯೋತಿ ಇದ್ದರೂ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಕೂಲರ್, ಎಸಿ ಓಡುವ ಏಪ್ರಿಲ್-ಮೇನಲ್ಲಿ ವಾರಕ್ಕೊಮ್ಮೆ ಮೀಟರ್ ರೀಡಿಂಗ್ ಬರೆದಿಡಿ. ನಮ್ಮ ಮಗನಿಗೆ ಆ ಕೆಲಸ ಕೊಟ್ಟಿದ್ದೇವೆ, ಈಗ ಅವನು ಮನೆಯ ಲೈನ್‌ಮ್ಯಾನ್.

5. ಸಾಲವನ್ನು ಬಡ್ಡಿಯ ಸಾಲಿನಲ್ಲಿ ನಿಲ್ಲಿಸಿ

ಎಲ್ಲ ಸಾಲವನ್ನೂ ಒಂದು ಪುಟಕ್ಕೆ ತನ್ನಿ. ಕೈಗಡ, ಸಂಘದ ಸಾಲ, ಬೈಕ್ ಕಂತು, ಗಂಡ ಹೆಂಡತಿಗೆ ಹೇಳದ್ದು, ಹೆಂಡತಿ ಗಂಡನಿಗೆ ಹೇಳದ್ದು. ಈ ಕೊನೆಯ ಎರಡು ಹೊರಬರುವ ದಿನ ಜಗಳ ಆಗುತ್ತದೆ. ಆಗಲಿ, ಮಕ್ಕಳು ಮಲಗಿದ ಮೇಲೆ ಆಗಲಿ.

ಪ್ರತಿ ಸಾಲದ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತಿರುಗಿಸಿ. 'ನೂರಕ್ಕೆ ಮೂರು' ಅಂದರೆ ಕಿವಿಗೆ ಕಡಿಮೆ ಅನ್ನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ 36. 50,000ಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ಕಟ್ಟಿಯೂ ಅಸಲು ಹಾಗೇ ಕೂತಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ 'ಮಿನಿಮಮ್ ಡ್ಯೂ' ಮಾತ್ರ ಕಟ್ಟುತ್ತಾ ಹೋದರೆ ಬಡ್ಡಿ ಹೆಚ್ಚಿನ ಕಾರ್ಡ್‌ಗಳಲ್ಲಿ ವರ್ಷಕ್ಕೆ ನೂರಕ್ಕೆ 40 ಮುಟ್ಟುತ್ತದೆ, ಕೆಲವದರಲ್ಲಿ ದಾಟುತ್ತದೆ. ಫೈನಾನ್ಸ್‌ನವರ 'ಫ್ಲಾಟ್' ಬಡ್ಡಿ ಇನ್ನೊಂದು ಮಾಯೆ. 60,000ಕ್ಕೆ 12 ಫ್ಲಾಟ್, ಎರಡು ವರ್ಷ ಅಂದರೆ ಬಡ್ಡಿ 14,400, ತಿಂಗಳ ಕಂತು 3,100. ಅಸಲು ಪ್ರತಿ ತಿಂಗಳೂ ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 60,000ದ ಮೇಲೇ ಹಾಕಿರುತ್ತಾರೆ. ನಿಜವಾದ ಬಡ್ಡಿ ವರ್ಷಕ್ಕೆ 21-22ರ ಹತ್ತಿರ ಬರುತ್ತದೆ. ನಮ್ಮ ಬೈಕಿನ ಕಂತು ಇದೇ. ಲೆಕ್ಕದವಳಾಗಿಯೂ ಶೋರೂಮಿನಲ್ಲಿ ಕೂತು ಸಹಿ ಹಾಕಿ ಬಂದಿದ್ದೆ. ಯಾಕೆ? ಅವತ್ತು ಅವಸರವಿತ್ತು.

ದೊಡ್ಡ ಬಡ್ಡಿಯದನ್ನು ಮೊದಲು ತೀರಿಸಿ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ತೀರಿಸುವುದು ಬಹಳ ಸಲ ಲಾಭದ ಕೆಲಸ. ವರ್ಷಕ್ಕೆ ನೂರಕ್ಕೆ 10 ಅಂತ ಹಿಡಿದರೂ 50,000ಕ್ಕೆ 5,000. ಅದೇ ಸಾಲ, 13,000 ಉಳಿತಾಯ. ನಮ್ಮಲ್ಲಿ ಇದಕ್ಕೆ ನಾನೇ ಹಿಂಜರಿಯುತ್ತಿದ್ದೆ, ಬಂಗಾರ ಅತ್ತೆಯ ಬೋರಮಾಳ. ಕೇಳುವುದು ಹೇಗೆ ಅಂತ ಎರಡು ದಿನ ಸುತ್ತಾಡಿದೆ. ಮೂರನೇ ದಿನ ಅವರೇ ಟ್ರಂಕ್ ತೆಗೆದು ಅರಿವೆಯ ಗಂಟನ್ನು ನನ್ನ ಮಡಿಲಿಗೆ ಹಾಕಿದರು. "ಪೆಟ್ಟಿಗ್ಯಾಗ ಕುಂತು ಇದೇನು ಮರಿ ಹಾಕ್ತದೇನವ್ವ? ತಗೊಂಡೋಗು. ಚೀಟಿ ಮಾತ್ರ ನನ್ ಕೈಗೆ ಕೊಡು," ಅಂದರು. ಬ್ಯಾಂಕಿನ ರಸೀದಿ ಇಂದಿಗೂ ಅವರ ಎಲೆ-ಅಡಿಕೆ ಚೀಲದಲ್ಲೇ ಇದೆ. ನೀವು ಹೀಗೆ ಮಾಡುವುದಾದರೆ ಬಿಡಿಸುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಬರೆಯಿರಿ. ತಾರೀಖು ಮೀರಿದರೆ ಹರಾಜು. ಇನ್ನೊಂದು ವಿಷಯ, ತೀರಿಸಿದ ಕೈಸಾಲವನ್ನು ಮತ್ತೆ ಎತ್ತಬಾರದು. ಎತ್ತಿದರೆ ಬಂಗಾರವೂ ಹೋಯಿತು, ಸಾಲವೂ ಉಳಿಯಿತು.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಹೋಗಬೇಡಿ. ಟೈಮ್ ಇಲ್ಲದವರೇ ಅವರ ಗಿರಾಕಿ. ಸಿಕ್ಕಿಕೊಂಡು, ಫೋಟೋ ಕಾಂಟ್ಯಾಕ್ಟ್ ಹಿಡಿದು ಹೆದರಿಸುತ್ತಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಿರುಸಾಲದವರು ಮನೆ ಮುಂದೆ ಬಂದು ಕಿರುಕುಳ ಕೊಡುವುದರ ವಿರುದ್ಧವೂ 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

6. ಮುಟ್ಟದ ದುಡ್ಡು

ಆರು ತಿಂಗಳ ಖರ್ಚು ಬದಿಗಿಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಂಥವರು ಅದನ್ನು ಕೇಳಿ ಕೈಚೆಲ್ಲುತ್ತೇವೆ. ಮೊದಲು 10,000 ಸಾಕು. ಆಮೇಲೆ ಒಂದು ತಿಂಗಳ ತಪ್ಪಿಸಲಾಗದ ಖರ್ಚು. ಅಲ್ಲಿಗೆ ಮುಟ್ಟಲು ನಮಗೆ ಹದಿನಾಲ್ಕು ತಿಂಗಳು ಬೇಕಾಯಿತು. 'ಬಂದರೆ ಬಂತು' ದುಡ್ಡಿನ ಅರ್ಧ ನೇರ ಇಲ್ಲಿಗೆ ಹೋಗಬೇಕು, ಇನ್ನರ್ಧ ಮನೆಗೆ.

ಬೇರೆ ಬ್ಯಾಂಕಿನಲ್ಲಿ ಇಡಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ. ದುಡ್ಡು ತೆಗೆಯಲು ಬ್ಯಾಂಕಿಗೇ ಹೋಗಬೇಕು ಅಂದರೆ ಅರ್ಧ ಆಸೆ ದಾರಿಯಲ್ಲೇ ಇಳಿಯುತ್ತದೆ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದ ತನಕ ಠೇವಣಿ ವಿಮೆ ಇರುತ್ತದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಇದೆಯೋ 'ಸಂಘ' ಇದೆಯೋ ಓದಿ. ಬಡ್ಡಿ ಒಂದೂವರೆ ಜಾಸ್ತಿ ಕೊಡುತ್ತಾರೆ ಅಂತ ಮುಟ್ಟದ ದುಡ್ಡನ್ನು ಅಲ್ಲಿಡುವುದು ನನಗಂತೂ ಸರಿ ಕಾಣಲ್ಲ. ಚೀಟಿಯೂ ಅಷ್ಟೇ. ನೋಂದಣಿ ಆದ ಚೀಟಿಯೇ ಅಂತ ಕೇಳಿ, ಕಾಗದ ನೋಡಿ. ನಂಬಿಕೆಯ ಮೇಲೆ ನಡೆಯುವ ಓಣಿ ಚೀಟಿ ಕಟ್ಟಲೇಬೇಕಂದರೆ ಹೋದರೂ ಅಳದಷ್ಟು ಕಟ್ಟಿ.

ಇದರ ಜೊತೆಗೆ ಕೇಂದ್ರ ಸರ್ಕಾರದ ಎರಡು ಅಗ್ಗದ ವಿಮೆ. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ, ಎರಡೂ 2 ಲಕ್ಷದ್ದು. ಮೊದಲನೆಯದು ಸಾವಿಗೆ, ಎರಡನೆಯದು ಅಪಘಾತಕ್ಕೆ. ಮೊದಲನೆಯದಕ್ಕೆ ಸೇರಲು 50 ವರ್ಷದ ಒಳಗಿರಬೇಕು. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿರಲಿ, ಇಲ್ಲದಿದ್ದರೆ ಗೊತ್ತಿಲ್ಲದೆ ನಿಂತುಹೋಗುತ್ತದೆ. ಎಪಿಎಲ್ ಕಾರ್ಡಿನವರಿಗೂ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ತನಕ ಸಿಗುತ್ತದೆ. ಬಿಪಿಎಲ್ ಆದರೆ 5 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ತಗೊಳ್ಳುವ ಹೆಲ್ತ್ ಇನ್ಶೂರೆನ್ಸ್ ಮೇಲೆ ಜಿಎಸ್‌ಟಿ ಇಲ್ಲ.

7. ಭಾನುವಾರದ ಅರ್ಧ ತಾಸು

ಪುಸ್ತಕ ಬರೆದು ಮುಚ್ಚಿಟ್ಟರೆ ಏನೂ ಆಗಲ್ಲ. ವಾರಕ್ಕೊಮ್ಮೆ ಕೂರಬೇಕು. ನಾವು ಭಾನುವಾರ ಸಂಜೆ ಚಹಾ ಹೊತ್ತಿಗೆ ಕೂರುತ್ತೇವೆ. ಮೊದಲು ಶಿಫ್ಟ್ ಬರೆಯುತ್ತೇವೆ.

"ರೀ, ಈ ವಾರ ಯಾವ ಶಿಫ್ಟು?"

"ಬುಧವಾರದ ತನಕ ನೈಟ್ ಐತೆ. ಆಮೇಲೆ ಫಸ್ಟು."

"ಹಂಗಾದ್ರೆ ಶುಕ್ರವಾರ ನೀರು ನಿಮ್ದು."

"ಶುಕ್ರವಾರ ನಸುಕಿಗೇ ಎದ್ದು ಹೋಗ್ಬೇಕಲ್ಲೇ!"

"ನಂಗೂ ಶುಕ್ರವಾರ ರಿಟರ್ನ್ ಕೊನೇ ದಿನ. ಟ್ಯಾಂಕರ್‌ಗೆ 600 ಕೊಡ್ತೀರಾ?"

ಇಷ್ಟೇ ಮಾತು. ಆದರೆ ಇದು ಭಾನುವಾರ ಆದರೆ ಯೋಜನೆ, ಶುಕ್ರವಾರ ರಾತ್ರಿ ಆದರೆ ಜಗಳ. ಈಗ ಎದುರು ಮನೆಯವರ ಜೊತೆ ಒಂದು ಒಪ್ಪಂದವೂ ಆಗಿದೆ. ನೀರು ಬಂದಾಗ ಯಾರು ಎಚ್ಚರ ಇರುತ್ತಾರೋ ಅವರು ಇನ್ನೊಬ್ಬರ ಫೋನಿಗೆ ಎರಡು ರಿಂಗ್ ಕೊಡಬೇಕು. ಆಮೇಲೆ ಟ್ಯಾಂಕರ್ ತರಿಸಿದ್ದು ಒಂದೇ ಸಲ.

ಆ ಅರ್ಧ ತಾಸಿನಲ್ಲಿ 'ಅ' ಖರ್ಚು ಓದಿ. ಬೈಯಬೇಡಿ, ಯಾವುದಾದರೂ ಒಂದನ್ನು ಮಾತ್ರ ಹಿಡಿದು ಮುಂದಿನ ವಾರ ತಪ್ಪಿಸುವುದು ಹೇಗೆ ಅಂತ ನೋಡಿ. ಬಿಲ್ಲುಗಳ ತಾರೀಖು ಕ್ಯಾಲೆಂಡರಿಗೆ ಹೋಗಲಿ. ಬೇಸಿಗೆಯಲ್ಲಿ ಪೇಟೆ ಕೆಲಸ ಎಲ್ಲ ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ಆರರ ಮೇಲೆ ಇಟ್ಟುಕೊಳ್ಳಿ. ರಾಯಚೂರು, ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ತಿರುಗಿದರೆ ಜ್ಯೂಸಿಗೆ, ಆಟೋಗೆ ಹೋಗುವುದರ ಜೊತೆ ಮರುದಿನವೂ ಹಾಳು. ಏಳನೇ ಕ್ಲಾಸಿನ ಮೇಲಿನ ಮಕ್ಕಳನ್ನೂ ಕೂರಿಸಿಕೊಳ್ಳಿ. ದುಡ್ಡು ಎಷ್ಟಿದೆ ಅಂತ ಮುಚ್ಚಿಟ್ಟರೆ ಅವರು ನಮ್ಮ ಮುಖ ನೋಡಿ ಇನ್ನೂ ದೊಡ್ಡದು ಏನೋ ಊಹಿಸಿಕೊಳ್ಳುತ್ತಾರೆ. ನನ್ನ ಮಗಳು ಟ್ಯೂಷನ್ ಬಿಡಿಸಿದ್ದಕ್ಕೆ ನಮಗೆ ಊಟಕ್ಕೇ ಇಲ್ಲವೇನೋ ಅಂದುಕೊಂಡಿದ್ದಳಂತೆ.

8. ಕೊನೆಯ ಪುಟ

ಇದನ್ನು ಇವತ್ತೇ ಮಾಡಿ, ಉಳಿದದ್ದು ನಿಧಾನಕ್ಕಾದರೂ ನಡೆಯುತ್ತದೆ. ಪುಸ್ತಕದ ಕೊನೆಯ ಪುಟದಲ್ಲಿ ಯಾವ ಖಾತೆ ಯಾವ ಬ್ಯಾಂಕಿನಲ್ಲಿದೆ, ಪಾಲಿಸಿ ನಂಬರ್ ಏನು, ಯುಎಎನ್ ಏನು, ನಾವು ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಅಂತ ಬರೆಯಿರಿ. ಪಿನ್, ಪಾಸ್‌ವರ್ಡ್ ಬರೆಯಬೇಡಿ. ಪ್ರತಿ ಖಾತೆಗೂ ನಾಮಿನಿ ಇದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿ ಮಾಡಬಹುದು. ನಮ್ಮ ಮನೆಯವರ ಪಿಎಫ್‌ನಲ್ಲಿ ಮದುವೆಗೆ ಮೊದಲು ಹಾಕಿದ ನಾಮಿನಿಯೇ ಇತ್ತು. ತೀರಿಕೊಂಡ ಮಾವನ ಹೆಸರು.

ನಮ್ಮ ಪುಸ್ತಕ ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಮೇಲೆ ಇರುತ್ತದೆ. ಅತ್ತೆಗೆ ಓದಲು ಬರಲ್ಲ. ಕೊನೆಯ ಪುಟ ಯಾವುದು ಅಂತ ಮಾತ್ರ ಅವರಿಗೆ ಗೊತ್ತು, ಅದರ ಮೂಲೆ ಮಡಚಿಟ್ಟಿದ್ದೇನೆ.